ಹನ್ನೆರಡು ವರ್ಷದ ಖಳನೂ ಅವನ ಓದುಗರೂ

(ಶಿಕ್ಷಕರು ಹಾಗೂ ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)

ಮಕ್ಕಳ ಕಥೆಯ ನಾಯಕ ಹೇಗಿರಬೇಕು? ಈ ಪ್ರಶ್ನೆಯನ್ನು ಯಾವ ತಂದೆತಾಯಿಯರ ಮುಂದಿಟ್ಟರೂ ಉತ್ತರ ಹೆಚ್ಚುಕಡಿಮೆ ಒಂದೇ. ಸತ್ಯವಂತನಾಗಿರಬೇಕು, ದುರ್ಬಲರಿಗೆ ನೆರವಾಗಬೇಕು, ದೊಡ್ಡವರ ಮಾತು ಕೇಳಬೇಕು. ಆಗೀಗ ತುಂಟತನ ಮಾಡಿದರೂ ಚಿಂತೆಯಿಲ್ಲ, ಕಥೆ ಮುಗಿಯುವ ಹೊತ್ತಿಗೆ ತಪ್ಪೊಪ್ಪಿಕೊಂಡರೆ ಸಾಕು. 2001ರಲ್ಲಿ ಪ್ರಕಟವಾದ 'ಆರ್ಟೆಮಿಸ್ ಫೌಲ್' ಎಂಬ ಇಂಗ್ಲಿಷ್ ಕಾದಂಬರಿ ಈ ಪಟ್ಟಿಯನ್ನು ಬಹುಮಟ್ಟಿಗೆ ತಲೆಕೆಳಗು ಮಾಡಿತು. ಅದರ ನಾಯಕ ಹನ್ನೆರಡು ವರ್ಷದ ಹುಡುಗ. ಅವನು ಅಪಹರಣಕಾರ, ವಂಚಕ, ಸುಲಿಗೆಗಾರ. ತಾನು ಮಾಡುತ್ತಿರುವುದು ಅಪರಾಧವೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಅಷ್ಟೇ ಅಲ್ಲ, ಅದರ ಬಗ್ಗೆ ಹೆಮ್ಮೆಯೂ ಉಂಟು.

ಈ ಪುಸ್ತಕದ ಸುತ್ತ ಓದುಗರಲ್ಲಿ ಎದ್ದ ಚರ್ಚೆ ಇಪ್ಪತ್ತು ವರ್ಷ ಕಳೆದರೂ ಮುಗಿದಿಲ್ಲ. ಇಂಥ ಹುಡುಗನನ್ನು ಮಕ್ಕಳ ಕೈಗೆ ಕೊಡಬಹುದೇ ಎನ್ನುವವರು ಒಂದು ಕಡೆ. ಅವನು ಸಾಕಷ್ಟು ಕೆಟ್ಟವನಾಗಿಲ್ಲ ಎಂದು ಬೇಸರಪಡುವವರು ಇನ್ನೊಂದು ಕಡೆ. ಮೇಲುನೋಟಕ್ಕೆ ಇದು ಒಂದು ಪುಸ್ತಕದ ಬಗೆಗಿನ ಜಗಳ. ಒಳಹೊಕ್ಕು ನೋಡಿದರೆ, ಒಳಿತು ಕೆಡುಕುಗಳ ತೀರ್ಮಾನವನ್ನು ಮಕ್ಕಳ ಕೈಗೆ ಒಪ್ಪಿಸಲು ದೊಡ್ಡವರು ಎಷ್ಟರಮಟ್ಟಿಗೆ ಸಿದ್ಧರಿದ್ದಾರೆ ಎಂಬ ಹಳೆಯ ಪ್ರಶ್ನೆಯೇ ಇಲ್ಲಿಯೂ ಇದೆ.

ಮೊದಲು ಲೇಖಕನ ವಿಚಾರ. ಓವೆನ್ ಕೋಲ್ಫರ್ ಹುಟ್ಟಿದ್ದು 1965ರಲ್ಲಿ, ಐರ್ಲೆಂಡಿನ ವೆಕ್ಸ್‌ಫರ್ಡ್‌ನಲ್ಲಿ. ವೃತ್ತಿಯಿಂದ ಪ್ರಾಥಮಿಕ ಶಾಲೆಯ ಶಿಕ್ಷಕ. ಕೆಲವು ವರ್ಷ ಸೌದಿ ಅರೇಬಿಯಾ, ಟ್ಯುನೀಷಿಯಾ, ಇಟಲಿಗಳಲ್ಲಿಯೂ ಪಾಠ ಹೇಳಿದವನು. ಮಕ್ಕಳು ತರಗತಿಯಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಹತ್ತಿರದಿಂದ ಕಂಡವನು. ಹಳೆಯ ಫೋಟೋ ಒಂದರಲ್ಲಿ, ಚರ್ಚಿನ ಸಮಾರಂಭಕ್ಕಾಗಿ ಸೂಟು ತೊಟ್ಟು ನಿಂತಿದ್ದ ತನ್ನ ಸಹೋದರ ಪತ್ತೇದಾರಿ ಸಿನಿಮಾದ ಪುಟ್ಟ ಖಳನಂತೆ ಕಂಡದ್ದೇ ಈ ಪಾತ್ರಕ್ಕೆ ಮೂಲವೆಂದು ಅವನು ಹೇಳಿಕೊಂಡಿದ್ದಾನೆ. ಹೆಸರಿನಲ್ಲೂ ಒಂದು ಕೀಟಲೆಯಿದೆ. ಆರ್ಟೆಮಿಸ್ ಎಂದರೆ ಗ್ರೀಕರ ಬೇಟೆಯ ದೇವತೆ. ಫೌಲ್ ಎಂಬುದಕ್ಕೆ ಬರೆಯುವ ಅಕ್ಷರಗಳ ಪ್ರಕಾರ ಕೋಳಿ ಎಂದರ್ಥ. ಕಿವಿಗೆ ಬೀಳುವ ಉಚ್ಚಾರಣೆಯಲ್ಲಿ ಹೊಲಸು, ಮೋಸದ್ದು ಎಂಬ ಅರ್ಥವೂ ಹೊರಡುತ್ತದೆ.

ಕಥೆ ಸಂಕ್ಷೇಪವಾಗಿ ಹೀಗಿದೆ. ಫೌಲ್ ಮನೆತನ ತಲೆತಲಾಂತರದಿಂದ ಅಪರಾಧವನ್ನೇ ಕಸುಬಾಗಿಸಿಕೊಂಡು ಬಂದದ್ದು. ಬಂಗಾರವೇ ಬಲ ಎಂಬ ಅರ್ಥದ ಲ್ಯಾಟಿನ್ ಮಾತು ಅದರ ಧ್ಯೇಯವಾಕ್ಯ. ಹುಡುಗನ ತಂದೆಯ ಹಡಗು ರಷ್ಯಾದ ಉತ್ತರ ಸಮುದ್ರದಲ್ಲಿ ಮುಳುಗಿ, ತಂದೆ ಕಣ್ಮರೆಯಾಗಿದ್ದಾನೆ. ಆ ಆಘಾತದಿಂದ ತಾಯಿಗೆ ಬುದ್ಧಿಭ್ರಮಣೆಯಾಗಿ, ಮಾಳಿಗೆಯ ಕತ್ತಲೆ ಕೋಣೆಯಲ್ಲಿ ಮಲಗಿದ್ದಾಳೆ. ಒಮ್ಮೊಮ್ಮೆ ಮಗನ ಗುರುತೂ ಅವಳಿಗೆ ಸಿಗುವುದಿಲ್ಲ. ಇಳಿದುಹೋದ ಆಸ್ತಿಯನ್ನು ಮರಳಿ ಗಳಿಸಲು ಹುಡುಗ ಹೂಡುವ ಉಪಾಯ ವಿಚಿತ್ರವಾದದ್ದು. ಭೂಮಿಯ ಒಡಲಲ್ಲಿ ಬಚ್ಚಿಟ್ಟುಕೊಂಡು ಬಾಳುತ್ತಿರುವ ಕಿನ್ನರ ಜನಾಂಗದ ಒಬ್ಬರನ್ನು ಅಪಹರಿಸಿ, ಬಿಡುಗಡೆಗೆ ಒಂದು ಟನ್ ಅಪರಂಜಿ ಕೇಳುವುದು!

ಐರಿಷ್ ಜಾನಪದ ಬಲ್ಲವರಿಗೆ ಇದರ ಬೇರು ಥಟ್ಟನೆ ಗೊತ್ತಾಗುತ್ತದೆ. ನಮ್ಮಲ್ಲಿ ನಿಧಿಯನ್ನು ಸರ್ಪ ಕಾಯುತ್ತದೆ ಎನ್ನುವಂತೆ, ಅಲ್ಲಿ ಬಂಗಾರದ ಕೊಡವನ್ನು ಕಾಯುವವನು ಲೆಪ್ರಕಾನ್ ಎಂಬ ಕುಳ್ಳ ಕಿನ್ನರ, ಚಪ್ಪಲಿ ಹೊಲಿಯುವುದು ಅವನ ಕಸುಬು. ಅವನನ್ನು ಹಿಡಿದು ಕಣ್ಣು ಮಿಟುಕಿಸದೆ ನೋಡುತ್ತ ನಿಂತರೆ ಬಂಗಾರ ದಕ್ಕುತ್ತದೆ ಎಂದು ನಂಬಿಕೆ. ಆದರೆ ಕಥೆಗಳಲ್ಲಿ ಮನುಷ್ಯನೇ ಪ್ರತಿಸಲವೂ ಮೋಸಹೋಗುತ್ತಾನೆ. ಕೋಲ್ಫರ್ ಈ ಹಳೆಯ ಕಥೆಯನ್ನು ತಿರುಗಿಸಿಟ್ಟ. ಅವನ ಪುಸ್ತಕದಲ್ಲಿ ಲೆಪ್ರಕಾನ್ ಎಂಬುದು ಕಿನ್ನರ ಪೊಲೀಸರ ಒಂದು ಪಡೆಯ ಹೆಸರಿನ ಮೇಲಿನ ಶ್ಲೇಷೆ. ಹುಡುಗನ ಬಲೆಗೆ ಬೀಳುವವಳು ಆ ಪಡೆಯ ಮೊದಲ ಮಹಿಳಾ ಅಧಿಕಾರಿ, ಕ್ಯಾಪ್ಟನ್ ಹಾಲಿ ಶಾರ್ಟ್. ಹುಣ್ಣಿಮೆಯ ರಾತ್ರಿ ಹೊಳೆಯ ತಿರುವಿನಲ್ಲಿ ಹಳೆಯ ಓಕ್ ಮರದ ಕಾಯಿ ಹೆಕ್ಕಿ ಬೇರೆಡೆ ನೆಟ್ಟರೆ ಮಾತ್ರ ಕಿನ್ನರರ ಮಾಯಾಶಕ್ತಿ ಮರಳಿ ಬರುತ್ತದೆ. ಆ ಶಾಸ್ತ್ರಕ್ಕೆಂದು ಬಂದವಳನ್ನು ಹುಡುಗ ತನ್ನ ಅಂಗರಕ್ಷಕ ಬಟ್ಲರನೊಡನೆ ಹೊಂಚುಹಾಕಿ ಹಿಡಿಯುತ್ತಾನೆ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಎಲ್ಲರಿಗೂ ಪರಿಚಿತವಾದದ್ದೇ. ಮಕ್ಕಳು ಓದಿದ್ದನ್ನು ಅನುಕರಿಸುತ್ತಾರೆ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ, ಆದ್ದರಿಂದ ಕೆಟ್ಟ ನಾಯಕನನ್ನು ಮೆಚ್ಚಿಸುವ ಪುಸ್ತಕ ಕೆಟ್ಟ ಪುಸ್ತಕ ಎಂಬ ವಾದ. ಈ ಭಯಕ್ಕೆ ದೀರ್ಘ ಇತಿಹಾಸವಿದೆ. 1865ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಬುಷ್ 'ಮ್ಯಾಕ್ಸ್ ಮತ್ತು ಮೋರಿಟ್ಸ್' ಎಂಬ ಸಚಿತ್ರ ಪದ್ಯಕಥೆ ಬರೆದ. ಇಬ್ಬರು ಪೋಕರಿ ಹುಡುಗರು ಊರಿಗೆಲ್ಲ ಕಾಟ ಕೊಡುತ್ತಾರೆ. ಕೊನೆಗೆ ಅವರನ್ನು ಗಿರಣಿಗೆ ಹಾಕಿ ಪುಡಿಮಾಡಿ ಬಾತುಕೋಳಿಗಳಿಗೆ ತಿನ್ನಿಸಲಾಗುತ್ತದೆ. ಕಥೆಗಾರನೇ ಇಲ್ಲಿ ಶಿಕ್ಷೆ ವಿಧಿಸಿಬಿಟ್ಟ. ಆದರೂ ಮಕ್ಕಳು ನೆನಪಿಟ್ಟುಕೊಂಡದ್ದು ಶಿಕ್ಷೆಗಿಂತ ಹೆಚ್ಚಾಗಿ ಆ ಕಿತಾಪತಿಗಳನ್ನೇ ಎಂಬುದಕ್ಕೆ ಪುಸ್ತಕದ ದೀರ್ಘಾಯುಷ್ಯವೇ ಸಾಕ್ಷಿ.

ಇಟಲಿಯ ಕಾರ್ಲೊ ಕೊಲ್ಲೋಡಿಯ 'ಪಿನೋಕಿಯೊ' ಇನ್ನೂ ಸ್ವಾರಸ್ಯದ ಉದಾಹರಣೆ. 1881ರ ಜುಲೈ ತಿಂಗಳಲ್ಲಿ ಮಕ್ಕಳ ಪತ್ರಿಕೆಯೊಂದರಲ್ಲಿ ಅದು ಧಾರಾವಾಹಿಯಾಗಿ ಆರಂಭವಾಯಿತು. ಸುಳ್ಳು ಹೇಳುವ, ಶಾಲೆ ತಪ್ಪಿಸುವ, ಬುದ್ಧಿ ಹೇಳಿದ ಜೀರುಂಡೆಯನ್ನೇ ಸುತ್ತಿಗೆಯಿಂದ ಹೊಡೆದುಹಾಕುವ ಮರದ ಗೊಂಬೆ ಅದರ ನಾಯಕ. ಹದಿನೈದನೆಯ ಅಧ್ಯಾಯದಲ್ಲಿ ಕೊಲ್ಲೋಡಿ ಅವನನ್ನು ಓಕ್ ಮರಕ್ಕೆ ನೇಣುಹಾಕಿಸಿ ಕಥೆ ಮುಗಿಸಿದ. ಓದುಗರು ಒಪ್ಪಲಿಲ್ಲ. ಅವರ ಒತ್ತಾಯಕ್ಕೆ ಪತ್ರಿಕೆಯವರು ಮಣಿದು, 1882ರಲ್ಲಿ ಕಥೆ ಮತ್ತೆ ಮುಂದುವರಿದು, 1883ರಲ್ಲಿ ಮುಗಿಯಿತು. ಗೊಂಬೆ ಮನುಷ್ಯನಾಗುವ ಕೊನೆ ದೊರೆತದ್ದು ಹೀಗೆ. ದುಷ್ಟ ಹುಡುಗನಿಗೆ ಲೇಖಕ ಮರಣದಂಡನೆ ಕೊಟ್ಟಿದ್ದ, ಓದುಗರು ಅದನ್ನು ರದ್ದುಮಾಡಿಸಿದರು ಎನ್ನಲಡ್ಡಿಯಿಲ್ಲ.

ಅದರ ಬೆನ್ನಿಗೇ, 1885ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಊರಿನ ಸಾರ್ವಜನಿಕ ಗ್ರಂಥಾಲಯ ಮಾರ್ಕ್ ಟ್ವೇನನ 'ಹಕಲ್‌ಬೆರಿ ಫಿನ್' ಕಾದಂಬರಿಯನ್ನು ಕಪಾಟಿನಿಂದ ತೆಗೆದುಹಾಕಿತು. ಹಕ್ ಸುಳ್ಳು ಹೇಳುತ್ತಾನೆ, ಕದಿಯುತ್ತಾನೆ. ಅವನ ಕಾಲದ ಕಾನೂನಿನ ಪ್ರಕಾರ ದೊಡ್ಡ ಅಪರಾಧವಾದ ಗುಲಾಮನ ಪಲಾಯನಕ್ಕೂ ನೆರವಾಗುತ್ತಾನೆ. ಈ ಬಹಿಷ್ಕಾರದಿಂದ ತನ್ನ ಪುಸ್ತಕಕ್ಕೆ ಗಿರಾಕಿಗಳು ಹೆಚ್ಚುತ್ತಾರೆಂದು ಟ್ವೇನ್ ಒಳಗೊಳಗೇ ಸಂತೋಷಪಟ್ಟ. ಇಂದು ಆ ಪುಸ್ತಕದ ಬಗ್ಗೆ ಬೇರೆ ಬಗೆಯ ವಿವಾದಗಳಿವೆ. ಆದರೆ ಹಕ್ ಗುಲಾಮನಿಗೆ ನೆರವಾದದ್ದು ತಪ್ಪೆಂದು ಹೇಳುವವರು ಈಗ ಸಿಗುವುದು ಕಷ್ಟ.

ಹಾಗೆಂದ ಮಾತ್ರಕ್ಕೆ ಆರ್ಟೆಮಿಸನನ್ನು ಇವರ ಸಾಲಿನಲ್ಲಿ ಸುಮ್ಮನೆ ಕೂರಿಸಿಬಿಡುವಂತಿಲ್ಲ. ಕನ್ನಡದಲ್ಲಿ ತುಂಟ, ಪೋಕರಿ, ಕೇಡಿಗ ಎಂಬ ಮೂರು ಮಾತುಗಳಿವೆ. ತುಂಟ ಎನ್ನುವಾಗ ಬೈಗುಳಕ್ಕಿಂತ ಮುದ್ದೇ ಹೆಚ್ಚು. ಪೋಕರಿ ಎನ್ನುವಾಗ ಸಿಟ್ಟಿದ್ದರೂ ಕ್ಷಮೆಗೆ ಎಡೆಯಿದೆ. ಕೇಡಿಗ ಎಂದಾಗ ಮಾತು ಬೇರೆ. ಪಿನೋಕಿಯೊ ಆಸೆಗೆ ಬಿದ್ದು ಕೆಡುತ್ತಾನೆ, ಮರುಕ್ಷಣ ಅಳುತ್ತಾನೆ. ಹಕ್ ಕಾನೂನಿನ ಕಣ್ಣಿಗೆ ಕೆಟ್ಟವನಾದರೂ ಮನಸ್ಸಿನಲ್ಲಿ ಒಳ್ಳೆಯವನು. ಆರ್ಟೆಮಿಸ್ ಹಾಗಲ್ಲ. ತಿಂಗಳುಗಟ್ಟಲೆ ಕುಳಿತು ಲೆಕ್ಕಹಾಕಿ ಕೇಡು ಮಾಡುತ್ತಾನೆ. ಕಿನ್ನರರ ಗ್ರಂಥ ಸಂಪಾದಿಸಲು ವಿಯೆಟ್ನಾಮಿನ ಹೋ ಚಿ ಮಿನ್ ನಗರಕ್ಕೆ ಹೋಗಿ, ಕುಡಿತಕ್ಕೆ ಬಿದ್ದು ಶಕ್ತಿ ಕಳೆದುಕೊಂಡ ಕಿನ್ನರಿಯೊಬ್ಬಳಿಗೆ ವಿಷವುಣಿಸಿ, ಆಮೇಲೆ ಮದ್ದಿನ ಆಸೆ ತೋರಿಸಿ ಚೌಕಾಸಿ ಮಾಡುವವನು ಅವನು. ಇದನ್ನು ತುಂಟತನವೆನ್ನಲು ಯಾರಿಗೂ ನಾಲಿಗೆ ಹೊರಳಲಾರದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಹಸಿದ ಹುಡುಗ ರೊಟ್ಟಿ ಕದ್ದರೆ ಓದುಗನ ಮನಸ್ಸು ಕರಗುವುದು ಸಹಜ. ಆರ್ಟೆಮಿಸ್ ಬಂಗಲೆಯಲ್ಲಿ ಬೆಳೆದವನು. ಕಾರುಗಳಿವೆ, ಕಂಪ್ಯೂಟರುಗಳಿವೆ, ಅವನಿಗಾಗಿ ಪ್ರಾಣ ಕೊಡಲು ಸಿದ್ಧನಾದ ಆಳು ಇದ್ದಾನೆ. ಸಿರಿವಂತ ಇನ್ನಷ್ಟು ಸಿರಿವಂತನಾಗಲು ಹೊರಟದ್ದನ್ನು ಸಾಹಸವೆಂದು ಮೆರೆಸುವುದು ಸರಿಯೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಪುಸ್ತಕದಲ್ಲಿ ಪೂರ್ತಿ ಸಮಾಧಾನ ಸಿಗುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳುವುದೇ ಲೇಸು. ಚತುರ ಸಂಭಾಷಣೆ, ಹೊಸ ಹೊಸ ಯಂತ್ರಗಳು, ಒಂದರ ಹಿಂದೊಂದು ಕಾಳಗ ಇವುಗಳ ಭರಾಟೆಯಲ್ಲಿ ಅವನ ಐಶ್ವರ್ಯವೂ ಆಕರ್ಷಣೆಯ ಒಂದು ಭಾಗವಾಗಿಬಿಡುತ್ತದೆ.

ಹಾಗಾದರೆ ಅವನನ್ನು ಮೆಚ್ಚಿದ ಓದುಗರು ಹೇಳುವುದೇನು? ಅವರ ಸಂಖ್ಯೆಯೂ ಸಣ್ಣದಲ್ಲ. 2010ರಲ್ಲಿ ಇಂಗ್ಲೆಂಡಿನ ಪಫಿನ್ ಪ್ರಕಾಶನ ತನ್ನ ಎಪ್ಪತ್ತನೆಯ ವರ್ಷದ ಸಂದರ್ಭದಲ್ಲಿ ತಾನು ತಂದ ಪುಸ್ತಕಗಳಲ್ಲಿ ಅಚ್ಚುಮೆಚ್ಚಿನದು ಯಾವುದೆಂದು ಜನರ ಮತ ಕೇಳಿದಾಗ ಗೆದ್ದದ್ದು ಇದೇ ಪುಸ್ತಕ. ಪುಟಗಳ ಅಡಿಯಲ್ಲಿ ಕಿನ್ನರ ಲಿಪಿಯ ಗುಪ್ತಸಂದೇಶವೊಂದು ಉದ್ದಕ್ಕೂ ಹರಿದಿದೆ. ಅದನ್ನು ಬಿಡಿಸಲು ಕಾಗದ ಪೆನ್ಸಿಲ್ ಹಿಡಿದು ಕುಳಿತ ಮಕ್ಕಳು ಪುಸ್ತಕವನ್ನು ಒಂದು ಒಗಟಿನಂತೆ ಕಂಡರು. ನಾಯಕನ ಬುದ್ಧಿಗೆ ತಮ್ಮ ಬುದ್ಧಿಯನ್ನು ಹಚ್ಚಿ ನೋಡುವ ಸಂತೋಷ ಅದು.

ಅದಕ್ಕಿಂತ ಮುಖ್ಯವಾದದ್ದು, ಕೋಲ್ಫರ್ ಎದುರಾಳಿಯನ್ನು ಚಿತ್ರಿಸಿದ ರೀತಿ. ಕಥೆಯ ಅರ್ಧಭಾಗ ಹಾಲಿಯ ಕಡೆಯಿಂದ ನಡೆಯುತ್ತದೆ. ಮೇಲಧಿಕಾರಿಯ ಗದರಿಕೆ, ಕೆಲಸದಲ್ಲಿ ತನ್ನ ಯೋಗ್ಯತೆಯನ್ನು ಮತ್ತೆ ಮತ್ತೆ ಸಾಬೀತುಮಾಡಬೇಕಾದ ಕಷ್ಟ, ಸೆರೆಯ ಅವಮಾನ ಎಲ್ಲವೂ ಓದುಗನ ಕಣ್ಣಿಗೆ ಕಟ್ಟುತ್ತವೆ. ಅಪಹರಣದ ಜಾಣತನ ಮೆಚ್ಚಿದ ಮಗು, ಮುಂದಿನ ಪುಟದಲ್ಲೇ ಅಪಹೃತಳ ಸಂಕಟವನ್ನೂ ಓದಬೇಕು. ಹಾಗೆಂದು ಕಿನ್ನರರೇನೂ ಸಾಧುಗಳಲ್ಲ. ಮನುಷ್ಯರನ್ನು 'ಮಣ್ಣಿನ ಜನ' ಎಂದು ಹೀಯಾಳಿಸುತ್ತಾರೆ. ಬಂಗಲೆಯೊಳಕ್ಕೆ ಟ್ರೋಲ್ ಎಂಬ ದೈತ್ಯಮೃಗವನ್ನು ನುಗ್ಗಿಸುತ್ತಾರೆ. ಅದೂ ಸಾಲದೆ, ಒಳಗಿರುವ ಜೀವಿಗಳನ್ನೆಲ್ಲ ಕೊಲ್ಲುವ ಬಾಂಬು ಹಾಕಲೂ ಹೇಸುವುದಿಲ್ಲ. ಟ್ರೋಲಿನ ದಾಳಿಯಲ್ಲಿ ಸಾಯುವಂತಿದ್ದ ಬಟ್ಲರನನ್ನು ತನ್ನ ಮಾಯಾಶಕ್ತಿಯಿಂದ ಬದುಕಿಸುವವಳು, ಅವನೇ ಸೆರೆಹಿಡಿದಿದ್ದ ಹಾಲಿ. ಯಾರ ಪಕ್ಷ ವಹಿಸಬೇಕೆಂದು ಲೇಖಕ ಹೇಳುವುದಿಲ್ಲ. ಓದುಗ ತಾನೇ ತೂಗಿ ನೋಡಬೇಕು.

ಈ ತೂಗುವಿಕೆಗೆ ಅತ್ಯಂತ ಕಠಿಣವಾದ ಸನ್ನಿವೇಶ ಕೊನೆಯಲ್ಲಿ ಬರುತ್ತದೆ. ಒಂದು ಟನ್ ಬಂಗಾರ ಕೈಸೇರಿದ ಮೇಲೆ ಹುಡುಗ ಹಾಲಿಯ ಮುಂದೆ ಒಂದು ಬೇಡಿಕೆ ಇಡುತ್ತಾನೆ. ತಾಯಿಯ ಬುದ್ಧಿ ಸರಿಯಾಗಬೇಕು, ಅದಕ್ಕೆ ಪ್ರತಿಯಾಗಿ ಅರ್ಧ ಬಂಗಾರ ವಾಪಸು. ಹಾಲಿ ಒಪ್ಪುತ್ತಾಳೆ, ತಾಯಿ ಗುಣವಾಗುತ್ತಾಳೆ. ಇಲ್ಲಿಗೆ ಮುಗಿದಿದ್ದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಆದರೆ ಇಡೀ ಕಾದಂಬರಿ ಕಿನ್ನರ ಪೊಲೀಸರಿಗಾಗಿ ಅವರ ಮನೋವೈದ್ಯನೊಬ್ಬ ಸಿದ್ಧಪಡಿಸಿದ ವರದಿಯ ರೂಪದಲ್ಲಿದೆ. ಉಪಸಂಹಾರದಲ್ಲಿ ಆ ವೈದ್ಯ ಎಚ್ಚರಿಕೆ ಕೊಡುತ್ತಾನೆ: ಈ ಹುಡುಗನನ್ನು ಸುಮ್ಮನೆ ಮೇಲಕ್ಕೇರಿಸಬೇಡಿ, ತಾಯಿಯನ್ನು ಗುಣಪಡಿಸಿದ್ದು ಪ್ರೀತಿಯಿಂದಲ್ಲ, ಮನೆಯಲ್ಲಿ ಹಿರಿಯರಿಲ್ಲವೆಂದು ಸರ್ಕಾರದ ಅಧಿಕಾರಿಗಳು ವಿಚಾರಣೆಗೆ ಬಂದಾರೆಂಬ ಭಯದಿಂದ, ಎಂಬರ್ಥದ ಮಾತು ಅದು.

ಇಲ್ಲಿ ಓದುಗರು ಎರಡಾಗಿ ಒಡೆಯುತ್ತಾರೆ. ವರದಿಯೇ ಹೇಳಿದ ಮೇಲೆ ಮುಗಿಯಿತು, ಹುಡುಗ ಕಲ್ಲೆದೆಯವನು ಎನ್ನುವವರು ಕೆಲವರು. ವರದಿ ಬರೆದವನು ಯಾರು, ಹುಡುಗನ ಶತ್ರುಪಕ್ಷದವನಲ್ಲವೇ, ಅವನ ಮಾತನ್ನು ಏಕೆ ನಂಬಬೇಕು ಎಂದು ತಿರುಗಿ ಕೇಳುವವರು ಹಲವರು. ಮಾಳಿಗೆಯ ಕೋಣೆಯಲ್ಲಿ ತಾಯಿಯ ಮುಂದೆ ನಿಂತ ಹುಡುಗನನ್ನು ತಾವು ಕಂಡಿದ್ದೇವೆ, ಆ ವೈದ್ಯ ಕಂಡಿಲ್ಲ ಎಂಬುದು ಅವರ ವಾದ. ಹತ್ತು ಹನ್ನೆರಡು ವರ್ಷದ ಮಗು ಒಂದು ಪುಸ್ತಕದಲ್ಲಿ ಅಚ್ಚಾದ ಅಭಿಪ್ರಾಯವನ್ನೇ ಸಾಕ್ಷ್ಯದ ಬಲದಿಂದ ಅಲ್ಲಗಳೆಯುವುದೆಂದರೆ ಕಡಿಮೆ ಸಂಗತಿಯಲ್ಲ. ನೀತಿಪಾಠದ ಪುಸ್ತಕ ಕಲಿಸಲಾರದ ಪಾಠ ಇದು. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಅರ್ಧ ಟನ್ ಬಂಗಾರ ಬಿಟ್ಟುಕೊಟ್ಟದ್ದಕ್ಕೆ ತೂಕ ಬಂದಿರುವುದು, ಬಂಗಾರಕ್ಕಾಗಿ ಏನನ್ನೂ ಮಾಡಬಲ್ಲವನೆಂದು ಅವನನ್ನು ಮುನ್ನೂರು ಪುಟ ನೋಡಿದ್ದರಿಂದ. ಮೊದಲಿನಿಂದಲೂ ಒಳ್ಳೆಯವನಾಗಿದ್ದ ಹುಡುಗ ಇದೇ ಕೆಲಸ ಮಾಡಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ.

ಕೋಲ್ಫರ್ ಈ ಮಾಲೆಯಲ್ಲಿ ಒಟ್ಟು ಎಂಟು ಕಾದಂಬರಿ ಬರೆದ. ಕೊನೆಯದು 2012ರಲ್ಲಿ ಬಂತು. ಪುಸ್ತಕದಿಂದ ಪುಸ್ತಕಕ್ಕೆ ಹುಡುಗ ಮೆತ್ತಗಾಗುತ್ತ ಹೋದ. ಎರಡನೆಯದರಲ್ಲಿ ತಂದೆಯನ್ನು ಬಿಡಿಸಿ ತರಲು ಕಿನ್ನರರ ಜೊತೆಗೇ ಕೈಜೋಡಿಸುತ್ತಾನೆ. ಕೊನೆಯದರಲ್ಲಿ ಇತರರಿಗಾಗಿ ತನ್ನ ಜೀವವನ್ನೇ ಪಣಕ್ಕೊಡ್ಡುತ್ತಾನೆ. ಮೊದಲಿನ ಖಳನೇ ಚೆನ್ನಾಗಿದ್ದ, ಒಳ್ಳೆಯವನಾದ ಮೇಲೆ ಸಪ್ಪೆಯಾದ ಎಂದು ಗೊಣಗುವ ಓದುಗರಿದ್ದಾರೆ. ಅವನೊಡನೆ ತಾವೂ ಬೆಳೆದೆವು ಎಂದು ಸಂತೋಷಪಡುವವರೂ ಇದ್ದಾರೆ. ಇಬ್ಬರಿಗೂ ಉತ್ತರವೆಂಬಂತೆ 2008ರ 'ದಿ ಟೈಮ್ ಪ್ಯಾರಡಾಕ್ಸ್' ಇದೆ. ಅದರಲ್ಲಿ ಆರ್ಟೆಮಿಸ್ ಕಾಲದಲ್ಲಿ ಹಿಂದಕ್ಕೆ ಹೋಗಿ, ಹತ್ತು ವರ್ಷದವನಾಗಿದ್ದ ತನ್ನನ್ನೇ ಎದುರಾಳಿಯಾಗಿ ಕಾಣುತ್ತಾನೆ. ಅಳಿವಿನಂಚಿನ ಒಂದು ಪ್ರಾಣಿಯನ್ನು, ಅದರ ಕುಲವನ್ನೇ ಇಲ್ಲವಾಗಿಸಲು ಹೊರಟವರಿಗೆ ಮಾರಿದ ಆ ಚಿಕ್ಕ ಹುಡುಗನನ್ನು ಸೋಲಿಸುವುದೇ ದೊಡ್ಡವನ ಕೆಲಸ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಗೆ ಇದಕ್ಕಿಂತ ನೇರವಾದ ಮರುಮಾತು ಮಕ್ಕಳ ಸಾಹಿತ್ಯದಲ್ಲಿ ಅಪರೂಪ.

ಈ ಚರ್ಚೆಗೆ ಹೊಸ ತಿರುವು ಕೊಟ್ಟದ್ದು ಸಿನಿಮಾ. ಕೆನೆತ್ ಬ್ರಾನಾ ನಿರ್ದೇಶಿಸಿದ ಡಿಸ್ನಿ ಸಂಸ್ಥೆಯ ಚಿತ್ರ 2020ರ ಜೂನ್ ತಿಂಗಳಲ್ಲಿ, ಚಿತ್ರಮಂದಿರಗಳ ಬದಲು ನೇರವಾಗಿ ಮನೆಯ ಪರದೆಗಳಿಗೆ ಬಂತು. ಆಟೋಟವೆಂದರೆ ಮೂಗು ಮುರಿಯುತ್ತಿದ್ದ ಪುಸ್ತಕದ ಹುಡುಗ ಚಿತ್ರದ ಆರಂಭದಲ್ಲೇ ಅಲೆಗಳ ಮೇಲೆ ಹಲಗೆಯಾಟವಾಡುತ್ತಾನೆ. ಅವನು ಸಾಹಸಕ್ಕಿಳಿಯುವುದು ಬಂಗಾರಕ್ಕಾಗಿ ಅಲ್ಲ, ಅಪಹೃತನಾದ ತಂದೆಯನ್ನು ಬಿಡಿಸಲು. ಮಾಳಿಗೆಯಲ್ಲಿ ಬುದ್ಧಿಗೆಟ್ಟು ಮಲಗಿದ ತಾಯಿಯ ಕಥೆಯಿಲ್ಲ, ಆದ್ದರಿಂದ ಅವಳಿಗಾಗಿ ಬಂಗಾರ ಬಿಟ್ಟುಕೊಡುವ ಗಳಿಗೆಯೂ ಇಲ್ಲ. ಹಾಲಿಯೊಡನೆ ಸ್ನೇಹವಾಗಲು ಹೆಚ್ಚು ಹೊತ್ತೂ ಬೇಕಾಗುವುದಿಲ್ಲ. ಕೊನೆಯಲ್ಲಿ ಅವನು ತನ್ನನ್ನು ಮಹಾ ಅಪರಾಧಿಯೆಂದು ಕರೆದುಕೊಳ್ಳುತ್ತಾನೆ. ಆ ಬಿರುದಿಗೆ ತಕ್ಕ ಅಪರಾಧ ಯಾವುದೆಂದು ಪುಸ್ತಕ ಓದಿದವರು ಕೇಳಿದರು.

ವಿಮರ್ಶಕರೂ ಚಿತ್ರವನ್ನು ಮೆಚ್ಚಲಿಲ್ಲ. ಆದರೆ ಹೆಚ್ಚು ನೊಂದವರು ಹಳೆಯ ಓದುಗರು. ಹನ್ನೊಂದನೆಯ ವಯಸ್ಸಿನಲ್ಲಿ ಪುಸ್ತಕ ಓದಿದ್ದವರು ಆಗ ಮೂವತ್ತರ ಆಸುಪಾಸಿನಲ್ಲಿದ್ದರು. ಅವರಲ್ಲಿ ಹಲವರು ಮಕ್ಕಳ ತಂದೆತಾಯಿಯರೂ ಆಗಿದ್ದರು. ಅವರ ದೂರು, ನಾಯಕನನ್ನು ಒಳ್ಳೆಯವನನ್ನಾಗಿ ಮಾಡಿಬಿಟ್ಟಿರಿ ಎಂಬುದು. ಪುಸ್ತಕ ಬಂದ ಹೊಸತರಲ್ಲಿ ಪಾಲಕರನ್ನು ಕಾಡಿದ ಭಯಕ್ಕೂ ಈ ದೂರಿಗೂ ಎಷ್ಟು ಅಂತರ! ಖಳನನ್ನು ಓದಿ ಬೆಳೆದ ಮಕ್ಕಳು ದೊಡ್ಡವರಾದ ಮೇಲೆ ಕೇಳಿದ್ದು ಇನ್ನಷ್ಟು ಕೇಡನ್ನಲ್ಲ. ಕೆಟ್ಟದ್ದನ್ನು ಆರಿಸಿಕೊಂಡಿದ್ದ ಹುಡುಗ ಒಂದು ಸಲ ಬೇರೆಯದನ್ನು ಆರಿಸಿಕೊಂಡ ಆ ಗಳಿಗೆಯನ್ನು ತಮ್ಮ ಮಕ್ಕಳಿಗೂ ತೋರಿಸಬೇಕೆಂದಿದ್ದವರು ಅವರು. ಆ ಗಳಿಗೆಯೇ ಚಿತ್ರದಲ್ಲಿ ಇರಲಿಲ್ಲ.

ಇದರಿಂದ ಕೆಟ್ಟ ನಾಯಕನಿರುವ ಪುಸ್ತಕಗಳೆಲ್ಲ ಒಳ್ಳೆಯವು ಎಂದು ತೀರ್ಮಾನಿಸಬೇಕಾಗಿಲ್ಲ. ಕೇಡಿನ ಥಳುಕನ್ನಷ್ಟೇ ತೋರಿಸಿ, ಅದರಿಂದ ನೊಂದವರನ್ನು ಮರೆಮಾಚುವ ಪುಸ್ತಕಗಳು ಉಂಟು. ಅವುಗಳ ಬಗ್ಗೆ ಎಚ್ಚರ ಬೇಕು. ಮಗುವಿನ ಕೈಯಲ್ಲಿ ಇಂಥದೊಂದು ಪುಸ್ತಕ ಕಂಡಾಗ ಕಸಿದುಕೊಳ್ಳುವ ಮೊದಲು, ಅದರಲ್ಲಿ ಪೆಟ್ಟು ತಿಂದವರ ಮಾತಿಗೆ ಜಾಗವಿದೆಯೇ ಎಂದು ಹಿರಿಯರು ನೋಡಬಹುದು. ಇದ್ದರೆ, ಮುಂದಿನ ಪ್ರಶ್ನೆಯನ್ನು ಮಗುವಿಗೇ ಕೇಳಬಹುದು: ಆ ಹುಡುಗ ಅರ್ಧ ಬಂಗಾರ ಬಿಟ್ಟುಕೊಟ್ಟದ್ದು ತಾಯಿಯ ಮೇಲಿನ ಪ್ರೀತಿಯಿಂದಲೋ, ಅಧಿಕಾರಿಗಳ ಭಯದಿಂದಲೋ? ಮಗು ಯಾವ ಉತ್ತರ ಕೊಟ್ಟರೂ, ಅದಕ್ಕೆ ಕಾರಣವೇನೆಂದು ಕೇಳಿ, ಕುಳಿತು ಆಲಿಸುವಷ್ಟು ಪುರುಸೊತ್ತು ಹಿರಿಯರಿಗಿರಬೇಕು.